ಕೋವಿಯ ಟೊಪ್ಪಿ

ಕಮರಿಯ ಆಚೆ, ಬಂಡೆಗೋಡೆಯಲ್ಲಿ ಬೇರೂರಿ ನಿಂತಿತ್ತು ಒಂದೇ ಒಂದು ಮರ. ಆ ಜಾತಿಯಲ್ಲಿ ಉಳಿದದ್ದು ಅದೊಂದೇ. ಅದರ ಬೀಜ ತರಲು ಮೂವರು ಕಾಡುಬೆಟ್ಟ ಹತ್ತಿಳಿದು ಬಂದಿದ್ದರು: ಸಸ್ಯವಿಜ್ಞಾನಿ, ಅವನ ಹೆಂಡತಿ, ಅವನ ತಮ್ಮ. ಹೆಂಡತಿ ರೈಫಲ್ ಸ್ಪರ್ಧೆಗಳಲ್ಲಿ ಗೆದ್ದವಳು. ಬೀಜದ ಕೊಂಬೆಯನ್ನು ಈಚೆ ದಡದಿಂದಲೇ ಗುಂಡು ಹೊಡೆದು ಮುರಿಯುವುದು ಅವಳ ಕೆಲಸ, ಕೆಳಗಿನ ಚಾಚುಬಂಡೆಯಲ್ಲಿ ನಿಂತು ಅದನ್ನು ಹಿಡಿಯುವುದು ಮೈದುನನ ಕೆಲಸ.

ಕೊಂಬೆಯ ಬಲಕ್ಕೇ ಮೊರದಗಲದ ಹೆಜ್ಜೇನು ಹುಟ್ಟು. ಸದ್ದಾದರೆ ಕತೆ ಮುಗಿಯಿತು. ಅದಕ್ಕೇ ಆ ಸಣ್ಣ ರೈಫಲ್ಲಿನ ಮೂತಿಗೆ ಸದ್ದಡಗಿಸುವ ಕೊಳವೆ ತಂದಿದ್ದರು.

"ಅತ್ತಿಗೆ, ನಿಮ್ಮ ಕೋವಿಗೆ ಟೊಪ್ಪಿ ಚೆನ್ನಾಗಿ ಒಪ್ಪುತ್ತೆ. ನಂಗೂ ಒಂದು ಕೊಡ್ಸಿ," ಎಂದು ಮೈದುನ ನಕ್ಕು, ಸುತ್ತುಬಳಸಿ ಆಚೆ ನೆತ್ತಿಗೆ ಹೋಗಿ, ಹಗ್ಗ ಬಿಗಿದು ಇಳಿದ.

ಇಳಿದದ್ದೇನೋ ಸಲೀಸು. ಆದರೆ ಹಗ್ಗ ಅದೇ ಕೊಂಬೆಗೆ ಸುತ್ತಿಕೊಂಡಿತು. ಬಿಡಿಸಲು ಅವನು ಎಳೆದ. ಕೊಂಬೆ ಅಲುಗಿ ಹುಟ್ಟನ್ನು ಸವರಿತು. ಹುಟ್ಟಿನ ಮೈಮೇಲೆ ಕಪ್ಪು ಅಲೆಯೊಂದು ಸರ್ರನೆ ಓಡಿತು.

ಅವನು ಕಲ್ಲಾಗಿ ನಿಂತುಬಿಟ್ಟ.

"ಬೇಗ ಹೊಡಿ!" ದುರ್ಬೀನು ಹಿಡಿದ ಗಂಡ ಪಿಸುಗುಟ್ಟಿದ. "ಕೊಂಬೆ ಮುರಿದ್ರೆ ಹಗ್ಗ ಬಿಡುತ್ತೆ."

ಅವಳು ಬೋರಲು ಮಲಗಿ ಗುರಿಯಿಟ್ಟಳು. ಮೂತಿ ಕೆಳಕ್ಕೆ ವಾಲಿತು. ಮನೆಯಲ್ಲಿ ಗುರಿ ಹೊಂದಿಸುವಾಗ ಹೀಗೆ ವಾಲಿರಲಿಲ್ಲವಲ್ಲ! ಥಟ್ಟನೆ ನೆನಪಾಯಿತು. ಹೊಸ ಕೊಳವೆಗೆ ಮಸಿ ಹಿಡಿಯದಿರಲಿ ಎಂದು ಆಗ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದಳು.

"ರೀ, ಇದನ್ನ ಹಾಕ್ಕೊಂಡು ಒಂದು ಗುಂಡೂ ಹೊಡೆದಿಲ್ಲ ನಾನು."

"ಅದು ಬರೀ ಸದ್ದಿಗಲ್ವಾ?"

"ತುದಿಗೆ ಭಾರ ಬಿದ್ರೆ ನಳಿಗೆ ಅದುರೋ ರೀತೀನೇ ಬೇರೆ. ಗುಂಡು ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು. ಕೊಂಬೆ ಬುಡದ ಎಡಕ್ಕೇ ಹಗ್ಗ ಇದೆ!"

"ಬಿಚ್ಚಿಬಿಡು ಹಾಗಾದ್ರೆ."

"ಬಿಚ್ಚಿದ್ರೆ ಢಂ ಅನ್ನುತ್ತೆ. ಜೇನು ಅವನನ್ನ ಬಿಡುತ್ತಾ?"

ಅತ್ತ ದರಿ, ಇತ್ತ ಪುಲಿ. ಅವಳಿಗೆ ಅಳು ಒತ್ತರಿಸಿ ಬಂತು. ಆದರೂ ಕೋವಿಯ ಮರದ ಹಿಡಿಯನ್ನು ಬೆನ್ನುಚೀಲದ ಮೇಲೆ ಆನಿಸಿ, ಮೂತಿಯನ್ನು ಹುಟ್ಟಿನಿಂದ ದೂರಕ್ಕೆ, ಅಷ್ಟೇ ಅಂತರದ ಬೋಳುಬಂಡೆಯೊಂದರತ್ತ ತಿರುಗಿಸಿದಳು. ಬಂಡೆಯ ಮೇಲೊಂದು ಬಿಳಿ ಕಲೆಯಿತ್ತು.

ಫಟ್.

"ನಾಲ್ಕು ಬೆರಳು ಎಡಕ್ಕೆ, ಸ್ವಲ್ಪ ಕೆಳಗೆ," ಎಂದ ಗಂಡ.

ಒಂದನ್ನೇ ನಂಬುವುದು ಹೇಗೆ? ಮತ್ತೊಂದು ಹೊಡೆದಳು. ಅದೂ ಅಲ್ಲಿಗೇ ಬಿತ್ತು.

ಕೊಂಬೆಯ ಬುಡದಿಂದ ನಾಲ್ಕು ಬೆರಳು ಎಡಕ್ಕೆ, ಸ್ವಲ್ಪ ಕೆಳಗೆ ಹಗ್ಗವಿತ್ತು. ಗಂಡನೂ ಅದನ್ನು ನೋಡಿದ. ಆಮೇಲೆ ಅವನು ಬೇಗ ಅನ್ನಲಿಲ್ಲ.

ಕೊಳವೆ ಯಾವುದಕ್ಕೂ ತಾಗದಂತೆ, ಮೊದಲಿನಂತೆಯೇ ಹಿಡಿಯನ್ನಷ್ಟೇ ಚೀಲದ ಮೇಲೆ ಆನಿಸಿದಳು. ಈಗ ಗುರಿಯನ್ನು ನಾಲ್ಕು ಬೆರಳು ಬಲಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಬೇಕು. ಬಲಕ್ಕಿದ್ದದ್ದು ಜೇನು. ಹುಟ್ಟಿನ ಅಂಚಿಗೇ, ಮಿಜಿಗುಡುವ ಆ ಕಪ್ಪಿಗೇ ಗುರಿಯಿಟ್ಟಳು. ಇಷ್ಟು ಹೆದರಿಕೆ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಫಟ್.

ಕೊಂಬೆ ಸೀಳಿತು, ಆದರೆ ತೊಗಟೆ ಬಿಡಲಿಲ್ಲ. ಏಳೆಂಟು ಹುಳು ಎದ್ದು ಮೈದುನನ ಮುಖ ಸುತ್ತಿದವು. ಅವನು ಕಣ್ಣುಮುಚ್ಚಿದ, ಕೈ ಎತ್ತಲಿಲ್ಲ.

"ಅಲುಗಬೇಡ ಕಣೋ, ಅಲುಗಬೇಡ," ಎಂದು ಅವಳು ಅವನಿಗೆ ಕೇಳದಿದ್ದರೂ ಬೇಡಿಕೊಂಡಳು. ಉಸಿರು ಬಿಗಿಹಿಡಿದು ಮತ್ತೆ ಹೊಡೆದಳು.

ಕೊಂಬೆ ಕಳಚಿತು. ಹಗ್ಗದಗುಂಟ ಜಾರಿ, ಬೀಜದ ಗೊಂಚಲು ಸಮೇತ ಅವನ ಕಾಲಬುಡಕ್ಕೇ ಬಿತ್ತು. ಹಗ್ಗ ಎಡಕ್ಕೆ ತೂಗಿ ಸಡಿಲಾಯಿತು. ಅವನು ಕೊಂಬೆಯನ್ನು ಬೆನ್ನಿಗೆ ಬಿಗಿದು ಮೆಲ್ಲಗೆ, ಬಲು ಮೆಲ್ಲಗೆ ಹತ್ತಿ ನೆತ್ತಿ ಸೇರಿದ.

ಸಂಜೆ ಡೇರೆಗೆ ಬಂದಾಗ ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಅತ್ತಿಗೆ, ಮೊದಲ ಗುಂಡನ್ನೇ ಕೊಂಬೆಗೆ ಹೊಡೆದಿದ್ರೆ?"

"ಹಗ್ಗಕ್ಕೆ ಬೀಳ್ತಿತ್ತು," ಎಂದಳು. ಅಷ್ಟು ಹೇಳಿ ಗಳಗಳನೆ ಅತ್ತಳು.

ಅವನು ಕೊಳವೆ ಸುತ್ತಿಟ್ಟಿದ್ದ ಆ ಬಿಳಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಊದಿದ ಕಣ್ಣು ಮುಚ್ಚುವಂತೆ ತಲೆಗೆ ಕಟ್ಟಿಕೊಂಡ.

"ಇನ್ನು ಇದು ನನ್ನ ಟೊಪ್ಪಿ. ಕೋವೀದು ಕೋವಿ ತಲೆ ಮೇಲೇ ಇರ್ಲಿ."