ನೇರಳೆ ಚುಕ್ಕೆಯ ತೋಟಾ

"ಮೇಯರ್‌ನ ಯಾರೋ ಹೊಡೆದುಹಾಕಿದ್ದಾರೆ. ಬೇಗ ಬಾ, ಮಾರ್ವಾ."

ಭಾನುವಾರ ಬೆಳಿಗ್ಗೆ ಕರ್ಟಿಸ್ ಹೇಲ್ ಫೋನ್ ಮಾಡಿದಾಗ ನಾನು ಮೊಟ್ಟೆ ಹುರಿಯುತ್ತಿದ್ದೆ. ಒಲೆ ಆರಿಸಿದೆ. ನನ್ನ ನಾಯಿ ಟೇಟರ್‌ನನ್ನು ಕರೆದೆ. ಇಬ್ಬರೂ ಪಿಕಪ್ ಹತ್ತಿದೆವು.

ವಿಲೋ ಬೆಂಡ್‌ಗೆ ಇಬ್ಬರು ಮೇಯರ್‌ಗಳು. ಒಬ್ಬಳನ್ನು ನಾವು ವೋಟು ಹಾಕಿ ಆರಿಸಿದ್ದೇವೆ. ಇನ್ನೊಬ್ಬ ತಾನಾಗಿಯೇ ಅಧಿಕಾರ ವಹಿಸಿಕೊಂಡ ಎಲ್ಕ್ ಸಾರಂಗ. ಸಂಜೆಯಾದರೆ ಹೊಳೆ ದಾಟಿ ಬರುತ್ತಿದ್ದ. ಮುಖ್ಯ ಬೀದಿಯಲ್ಲಿ ಗತ್ತಿನಿಂದ ನಡೆದು, ಚರ್ಚಿನ ಹೂಗಿಡ ಮೇಯ್ದು, ವಾಪಸಾಗುತ್ತಿದ್ದ. ಇಡೀ ಮೊಂಟಾನಾದಲ್ಲಿ ಅಂಥ ಕೊಂಬು ಇನ್ನೊಂದಿಲ್ಲ ಎಂದು ನಮ್ಮೂರಿನವರ ಜಂಬ. ಸತ್ತದ್ದು ಅವನು.

ಹೊಳೆದಂಡೆಯಲ್ಲಿ ಬಿದ್ದಿದ್ದ. ತಲೆ ಇರಲಿಲ್ಲ. ಕೊಂಬಿನ ಸಮೇತ ಕೊಯ್ದು ಒಯ್ದಿದ್ದರು. ಮಾಂಸ ಮುಟ್ಟಿರಲಿಲ್ಲ. ಬೇಟೆಯ ಕಾಲ ಶುರುವಾಗುವುದಕ್ಕೆ ಇನ್ನೂ ಸಮಯವಿತ್ತು. ಈ ಕಣಿವೆಯ ವನ್ಯಜೀವಿ ವಾರ್ಡನ್ ನಾನು. ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕರ್ಟಿಸ್ ಟೋಪಿ ತೆಗೆದು ನಿಂತಿದ್ದ. ಪಟ್ಟಣದ ಸಾಹುಕಾರರನ್ನು ಬೇಟೆಗೆ ಕರೆದೊಯ್ಯುವುದು ಅವನ ಕಸುಬು. ಹಬ್ಬವಿರಲಿ, ಸಾವಿರಲಿ, ಮೈಮೇಲೆ ಅದೇ ಕ್ಯಾನ್ವಾಸ್ ವೇಸ್ಟ್‌ಕೋಟು.

"ಅಲ್ನೋಡು, ಹುಲ್ಲಲ್ಲಿ ಏನೋ ಮಿನುಗ್ತಾ ಇದೆ" ಎಂದ.

ಖಾಲಿ ತೋಟಾ. ಹಿತ್ತಾಳೆಯದು. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಟೇಟರ್ ಹೋಗಿ ನೆಕ್ಕತೊಡಗಿದ್ದ.

"ಥೂ! ಬಿಡೋ ಹೊಟ್ಟೆಬಾಕ!"

ಕಿತ್ತುಕೊಂಡೆ. ತೋಟಾದ ಬಾಯೊಳಗೆ ಹಳದಿ ಪುಡಿ ಅಂಟಿತ್ತು. ಪೈನ್ ಮರದ ಪರಾಗವಿರಬೇಕು ಎಂದುಕೊಂಡೆ. ತಿರುಗಿಸಿ ನೋಡಿದೆ. ತಳದಲ್ಲಿ ನೇರಳೆ ಚುಕ್ಕೆ.

ಆ ಚುಕ್ಕೆ ಯಾರದೆಂದು ನನಗೆ ಗೊತ್ತಿತ್ತು.

ನಮ್ಮ ಕಡೆ ಖಾಲಿ ತೋಟಾ ಎಸೆಯುವವರು ಕಡಿಮೆ. ಮನೆಗೆ ತಂದು, ಈಡಿಗೆ ಉಬ್ಬಿದ ಮೈಯನ್ನು ಅಚ್ಚಿನಲ್ಲಿ ಒತ್ತಿ, ತಳದಲ್ಲಿ ಕಿಡಿ ಹಚ್ಚುವ ಸುಟ್ಟ ಕೇಪು ಕಿತ್ತು, ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಹೊಡೆಯುತ್ತಾರೆ. ಕ್ಲಬ್ಬಿನ ಮೈದಾನದಲ್ಲಿ ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯಬಾರದಲ್ಲ, ಅದಕ್ಕೆ ಪ್ರತಿಯೊಬ್ಬರೂ ಒಂದು ಗುರುತು ಹಾಕಿಕೊಳ್ಳುತ್ತಾರೆ. ಹೆಂಡತಿಯ ನೇರಳೆ ಉಗುರುಬಣ್ಣದಲ್ಲಿ ಚುಕ್ಕೆ ಇಡುವ ಗಂಡಸು ಊರಿಗೆಲ್ಲ ಒಬ್ಬನೇ. ಆರ್ವಿಲ್ ಟಾಸ್ಟ್ರುಡ್. ಊರ ಮಕ್ಕಳಿಗೆ ಕೋವಿ ಹಿಡಿಯುವ ನೀತಿ ನಿಯಮ ಕಲಿಸುವ ಮೇಷ್ಟ್ರು. ನನಗೂ ಕಲಿಸಿದವರು.

"ಪಾಪ, ಮುದುಕ" ಎಂದ ಕರ್ಟಿಸ್.

* * *

ಟೇಟರ್‌ನನ್ನು ಪಿಕಪ್ಪಿನಲ್ಲೇ ಬಿಟ್ಟು ಮೇಷ್ಟ್ರ ಮನೆಯೊಳಗೆ ಹೋದೆ. ಮೇಷ್ಟ್ರು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಹೆಂಡತಿ ಲೂಸಿಲ್ ಪೈ ಮಾಡಲು ಹುಳಿ ರೂಬಾರ್ಬ್ ದಂಟು ಹೆಚ್ಚುತ್ತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿದ್ದ ತೋಟಾವನ್ನು ಮೇಜಿನ ಮೇಲಿಟ್ಟೆ.

"ನಿಮ್ಮದಾ ಮೇಷ್ಟ್ರೇ?"

"ನಂದೇ. ಎಲ್ಲಿ ಸಿಕ್ತು?"

"ಮೇಯರ್ ಪಕ್ಕ. ಸತ್ತು ಬಿದ್ದಿದ್ದಾನೆ."

ಅವರ ಮುಖ ಕಪ್ಪಿಟ್ಟಿತು. ಲೂಸಿಲ್ ಚಾಕು ಕೆಳಗಿಟ್ಟಳು.

"ನಾನು ಹೊಡೆದೆ ಅಂತೀಯಾ ಮಗಳೇ?"

"ನಾನು ಅನ್ನಲ್ಲ. ಆದ್ರೆ ಈ ತೋಟಾ ಅನ್ನುತ್ತೆ. ನಾಳೆ ಬೆಳಿಗ್ಗೆ ನಾನು ವರದಿ ಕೊಡ್ಲೇಬೇಕು. ಕೊಟ್ಟ ತಕ್ಷಣ ನಿಮ್ಮ ತರಗತಿ ನಿಲ್ಲಿಸ್ತಾರೆ. ಆಮೇಲೆ ಬೇಟೆ ಪರವಾನಗಿಯೂ ರದ್ದು, ಜೀವನಪೂರ್ತಿ."

"ನಾಳೆ ಸಂಜೆ ಹೊಸ ತಂಡ ಬರುತ್ತೆ" ಎಂದರು ಮೇಷ್ಟ್ರು. "ಅವರಿಗೆ ತೋಟಾ ತುಂಬೋದು ಕಲಿಸೋಕೇ ಹೊಸ ಕೆಲಸದ ಬೆಂಚು ಮಾಡ್ಸಿದೀನಿ. ಗ್ಯಾರೇಜಲ್ಲಿ. ಹಳೇ ಸ್ಕೂಲಿನ ಓಕ್ ಬಾಗಿಲು ತಂದು ಮೇಲ್ಹಲಗೆ ಮಾಡಿದ್ವಿ. ನಿನ್ನೆ ಲೈಲ್ ಬಂದಿದ್ದ, ಕರ್ಟಿಸ್ ಬಂದಿದ್ದ. ಇಬ್ರೂ ಹೆಗಲು ಕೊಟ್ರು."

"ನಿನ್ನೆ ಸಂಜೆ ಎಲ್ಲಿದ್ರಿ?"

"ಸೋಫಾ ಮೇಲೆ ಗೊರಕೆ ಹೊಡೀತಿದ್ರು" ಎಂದಳು ಲೂಸಿಲ್. "ಹೆಂಡ್ತಿ ಮಾತು ಕೋರ್ಟಲ್ಲಿ ನಡೆಯಲ್ಲ ಅಂತ ಹೇಳ್ಬೇಡ. ನನಗೆ ಕೋಪ ಬರುತ್ತೆ."

ತೋಟಾದ ಚೀಲ ಜೇಬಿಗೆ ಹಾಕಿಕೊಂಡು ಹೊರಟೆ.

* * *

ಲೈಲ್ ವಾಂಡರ್‌ಹೂಫ್ ಮೇಲೆ ನನಗೆ ಅನುಮಾನವಿತ್ತು. ಕ್ಲಬ್ಬಿನ ಗುರಿ ಸ್ಪರ್ಧೆಯಲ್ಲಿ ಪ್ರತಿ ವರ್ಷ ಮೇಷ್ಟ್ರ ಕೈಲಿ ಸೋಲುವವನು. ಸೋತ ಮೇಲೆ ಒಂದು ವಾರ ಯಾರ ಹತ್ತಿರವೂ ಮಾತಾಡುವುದಿಲ್ಲ. ಅವನೂ ಮನೆಯಲ್ಲಿ ತೋಟಾ ತುಂಬುವವನೇ.

ಅವನ ಮನೆಗೆ ಹೋಗಿ ವಿಷಯ ಹೇಳಿದ್ದೇ ತಡ, ಕೆರಳಿ ಕೆಂಡವಾದ.

"ಏನಮ್ಮಾ, ತಲೆ ನೆಟ್ಟಗಿದೆಯಾ? ಆರ್ವಿಲ್ ತೋಟಾ ಬಿಟ್ಟು ಬರ್ತಾನಾ? ಒಂದು ಕಳೆದುಹೋದ್ರೆ ಮಂಡಿಯೂರಿ ಹುಲ್ಲೆಲ್ಲಾ ತಡಕೋ ಮನುಷ್ಯ ಅವನು! ನಾವೆಲ್ಲಾ ಹಾಗೇ. ಹೆಂಡ್ತೀನ ಸಂತೇಲಿ ಮರೆತು ಬಂದೇವು, ತೋಟಾ ಮರೆಯಲ್ಲ."

"ಯಾರಾದ್ರೂ ತಂದು ಹಾಕಿರಬಹುದಲ್ಲ? ನೀವು?"

"ನಾನಾ! ಅವನನ್ನ ಗುರಿಯಲ್ಲಿ ಸೋಲಿಸ್ಬೇಕು ಕಣಮ್ಮಾ ನನಗೆ. ಜೈಲಿಗೆ ಕಳಿಸಿ ಗೆದ್ದರೆ ಅದೂ ಒಂದು ಗೆಲುವಾ?"

ಮಾತು ನಿಜವೆನಿಸಿತು. ಆದರೆ ಇದನ್ನೆಲ್ಲ ನ್ಯಾಯಾಧೀಶರ ಮುಂದೆ ಹೇಳಿದರೆ ನಗುತ್ತಾರೆ. ಎದ್ದೆ. ಲೈಲ್ ಇನ್ನೂ ಗೊಣಗುತ್ತಿದ್ದ.

"ನಿನ್ನೆ ಪ್ರೆಸ್ಸಲ್ಲಿ ನಾಲ್ಕು ತೋಟಾ ಒತ್ತಿ ಹೊಸ ಬೆಂಚಿನ ಉದ್ಘಾಟನೆ ಮಾಡ್ತೀನಿ ಅಂತ ಆರ್ವಿಲ್ ಕೂತ. ಹಿಡಿ ಎತ್ತಿದ್ರೆ ಮೇಲಿನ ಗೂಡಿಗೆ ಢಣ್ ಅಂತ ತಾಗ್ತು! ಪ್ರೆಸ್ಸು ಬಿಚ್ಚಿ, ಜಾಗ ಬದಲಾಯಿಸಿ ಮತ್ತೆ ತೂತು ಕೊರೆದ್ವಿ. ನೋಡಿದ್ರೆ ಅಲ್ಲಿ ಹಲಗೆ ದಪ್ಪ, ಬೋಲ್ಟು ಗಿಡ್ಡ. ಅಂಗಡಿ ಮುಚ್ಚಿತ್ತು. ಎಲ್ಲಾ ಹಾಗೇ ಬಿಟ್ಟು ಬಂದ್ವಿ."

* * *

ಮೇಷ್ಟ್ರ ಗ್ಯಾರೇಜಿಗೆ ಹೋದೆ. ಈ ಸಲ ಟೇಟರ್ ಜೊತೆಗಿದ್ದ.

ಬೆಂಚು ಚೆನ್ನಾಗಿತ್ತು. ಆನೆ ನಿಂತರೂ ಅಲುಗದು. ಹಿಡಿ ಎಳೆದರೆ ತೋಟಾ ಒತ್ತುವ ಕಬ್ಬಿಣದ ಪ್ರೆಸ್ಸು ಒಂದು ಮೂಲೆಯಲ್ಲಿ ಮಲಗಿತ್ತು. ಬಾಗಿಲ ಹಲಗೆಯಲ್ಲಿ ಎರಡು ಕಡೆ ತೂತುಗಳು: ಮೊದಲು ತಪ್ಪಿ ಕೊರೆದವು, ಆಮೇಲೆ ಕೊರೆದವು. ಮೇಷ್ಟ್ರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು.

ಟೇಟರ್ ಬೆಂಚಿಗೆ ಮುಂಗಾಲು ಹಾಕಿದ. ಗುಳಿಗಳಿದ್ದ ಮರದ ತಟ್ಟೆಯೊಂದರಲ್ಲಿ ತೋಟಾಗಳು ಸಾಲಾಗಿ ನಿಂತಿದ್ದವು. ನಾಲಿಗೆ ಚಾಚಿ ನೆಕ್ಕಿದ.

"ಹೇ! ಇದೇನು ಇವನ ಗೀಳು?" ಎಂದು ಕತ್ತಿನಪಟ್ಟಿ ಹಿಡಿದೆಳೆದೆ.

"ಕುರಿಕೊಬ್ಬು ಕಣೆ. ಉಣ್ಣೆಯಿಂದ ಬರುತ್ತಲ್ಲ, ಅದು" ಎಂದರು ಮೇಷ್ಟ್ರು. "ಒತ್ತೋ ಮುಂಚೆ ಸವರಬೇಕು. ಇಲ್ಲಾಂದ್ರೆ ಅಚ್ಚಿನೊಳಗೆ ಸಿಕ್ಕಿಹಾಕ್ಕೊಳ್ಳುತ್ತೆ."

ನಾನು ಒಂದು ತೋಟಾ ಎತ್ತಿ ಬೆಳಕಿಗೆ ಹಿಡಿದೆ. ಅಂಟು ಅಂಟು. ಅಂಟಿನ ಮೇಲೆ ಹಳದಿ ಪುಡಿ. ಬಾಯೊಳಗೂ ಪುಡಿ.

ಪರಾಗ! ಆಗಸ್ಟ್ ಕೊನೆಯಲ್ಲಿ ಎಲ್ಲಿಯ ಪೈನ್ ಪರಾಗ? ಹಣೆ ಚಚ್ಚಿಕೊಂಡೆ.

ತಟ್ಟೆ ನೋಡಿದೆ. ಮಧ್ಯದ ಒಂದು ಗುಳಿ ಖಾಲಿ.

"ಮೇಷ್ಟ್ರೇ, ಕೊಬ್ಬು ಸವರಿದ ತೋಟಾವನ್ನ ಹಾಗೇ ಕೋವಿಗೆ ಹಾಕ್ತೀರಾ?"

"ಹುಚ್ಚಾ? ಒತ್ತಿದ ಮೇಲೆ ಚೆನ್ನಾಗಿ ಒರೆಸಿಯೇ ಮುಂದಿನ ಕೆಲಸ. ಇಲ್ಲದಿದ್ರೆ ಕೋವಿಗೇ ಕೇಡು." ಸಟ್ಟನೆ ತಲೆ ಎತ್ತಿದರು. "ಯಾಕೆ?"

"ಲೈಲ್‌ಗೆ ಫೋನ್ ಮಾಡಿ. ಕರ್ಟಿಸ್‌ಗೂ. ಬೆಂಚು ಮುಗಿಸೋದಿದೆ, ಬನ್ನಿ ಅನ್ನಿ."

* * *

ಇಬ್ಬರೂ ಬಂದರು. ಕರ್ಟಿಸ್ ಅದೇ ವೇಸ್ಟ್‌ಕೋಟಿನಲ್ಲಿದ್ದ.

"ಮೇಯರ್ ಹತ್ತಿರ ಸಿಕ್ಕ ತೋಟಾ ಇದು" ಎಂದು ಚೀಲ ಎತ್ತಿ ತೋರಿಸಿದೆ. "ತಳದಲ್ಲಿ ಸುಟ್ಟ ಕೇಪು ಹಾಗೇ ಇದೆ. ಅಂದ್ರೆ ಈಡು ಆಗಿದೆ, ಇನ್ನೂ ಒತ್ತಿಲ್ಲ. ಆದ್ರೆ ಮೈಮೇಲೆ ಕುರಿಕೊಬ್ಬು ಇದೆ. ಕೊಬ್ಬು ಸವರೋದು ಯಾವಾಗ ಲೈಲ್?"

"ಹೊಡೆದಾದ ಮೇಲೆ, ಮನೇಲಿ, ಒತ್ತೋ ಮುಂಚೆ" ಎಂದ ಲೈಲ್. ಅವನ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ! ಹಾಗಾದ್ರೆ ಇದು ಹೊಳೆ ಹತ್ತಿರ ಕೋವಿಯಿಂದ ಬಿದ್ದಿದ್ದೇ ಅಲ್ಲ!"

"ಅಲ್ಲ. ಇದು ಯಾವತ್ತೋ ಹೊಡೆದದ್ದು. ಬಿದ್ದಿದ್ದಲ್ಲ, ಹಾಕಿದ್ದು. ಇದಕ್ಕೆ ಅಂಟಿರೋ ಹಳದಿ ಪುಡಿ ಈ ಓಕ್ ಬಾಗಿಲು ಕೊರೆದ ಹೊಟ್ಟು. ಯಾರೂ ಕೊಬ್ಬು ಸವರಿದ ಮೇಲೆ ಮರ ಕೊರೆಯಲ್ಲ. ನಿನ್ನೆ ಕೊಬ್ಬು ಸವರಿಟ್ಟ ಮೇಲೆ ಹಿಡಿ ಗೂಡಿಗೆ ತಾಗಿದ್ದಕ್ಕೆ ನೀವು ಮತ್ತೆ ಕೊರೆದ್ರಿ. ಅಂದ್ರೆ ನಿನ್ನೆ, ಎರಡನೇ ಸಲ ಕೊರೆದ ಮೇಲೆ, ಈ ತಟ್ಟೆಯಿಂದ ಯಾರೋ ಒಂದನ್ನ ಎತ್ಕೊಂಡಿದ್ದಾರೆ. ಇಲ್ಲಿ ಇದ್ದವರು ಮೇಷ್ಟ್ರು ಬಿಟ್ರೆ ಇಬ್ರು. ತೋಟಾ ತುಂಬೋರಿಗೆ ಮುಟ್ಟಿದ ಕೂಡ್ಲೇ ಕೊಬ್ಬು ಸವರಿದ್ದು ಬೆರಳಿಗೆ ಗೊತ್ತಾಗುತ್ತೆ. ತುಂಬದೋರಿಗೆ ಖಾಲಿ ತೋಟಾ ಅಂದ್ರೆ ಎಲ್ಲಾ ಒಂದೇ."

"ನಾನು ಅಂಗಡೀದೇ ಕೊಳ್ಳೋದು, ನಿಜ" ಎಂದು ಕರ್ಟಿಸ್ ನಕ್ಕ. "ಅಷ್ಟಕ್ಕೇ ಕಳ್ಳನಾ?"

ನಾನು ಉತ್ತರ ಹೇಳಬೇಕಾಗಲಿಲ್ಲ. ಟೇಟರ್ ಎದ್ದು ನೇರ ಅವನ ಬಳಿ ಹೋದ. ವೇಸ್ಟ್‌ಕೋಟಿನ ಬಲಜೇಬಿಗೆ ಮೂತಿ ತೂರಿಸಿದ. ಸೊರ್ ಸೊರ್ ಎಂದು ನೆಕ್ಕತೊಡಗಿದ.

"ಹಚಾ! ಹೋಗಾಚೆ!"

"ಜೇಬು ಹೊರಗೆ ತೆಗಿ ಕರ್ಟಿಸ್."

ತೆಗೆದ. ಬಟ್ಟೆಯ ಮೇಲೆ ಬೆರಳುದ್ದದ ಜಿಡ್ಡಿನ ಕಲೆ. ಕಲೆಗೆ ಅಂಟಿದ ಹೊಟ್ಟು.

"ನಾನೂ ಕೆಲಸ ಮಾಡಿದೀನಲ್ಲ. ಹೊಟ್ಟು ಇರೋದೇ."

"ಹೊಟ್ಟು ಒಪ್ಪಿದೆ. ಕುರಿಕೊಬ್ಬು ಜೇಬಿನೊಳಗೆ ಹೇಗೆ ಹೋಯ್ತು? ನಡಿ, ಬೇಟೆ ಮಾಂಸ ಇಡೋ ನಿನ್ನ ತಣ್ಣನೆ ಕೋಣೆ ಬೀಗ ತೆಗಿ. ಮೇಯರ್ ತಲೆ ಅಲ್ಲಿ ಇಲ್ಲಾಂದ್ರೆ ಕ್ಷಮೆ ಕೇಳ್ತೀನಿ."

ಅವನು ಬೆಂಚಿಗೆ ಒರಗಿದ. ಬಣ್ಣ ಇಳಿದಿತ್ತು.

"ಅಲ್ಲೇ ಇದೆ" ಎಂದ ಮೆಲ್ಲಗೆ. "ಬೇಟೆಗೆ ಬರೋರಿಗೆ ಕಟ್ಟಿಸ್ತಿರೋ ಹೊಸ ಲಾಡ್ಜಿನ ಗೋಡೆಗೆ ಆ ಕೊಂಬು ಬೇಕಿತ್ತು. ಈ ಕಾಲದಲ್ಲಿ ಈಡು ಕೇಳಿಸಿದ್ರೆ ನನ್ನನ್ನೇ ಮೊದಲು ಹಿಡೀತಿದ್ರಿ. ನೇರಳೆ ಚುಕ್ಕೆ ಕಣ್ಣಿಗೆ ಬಿತ್ತು, ಎತ್ಕೊಂಡೆ. ಮುದುಕನಿಗೆ ಏನೂ ಆಗಲ್ಲ, ಒಂದು ದಂಡ ಹಾಕಿ ಬಿಡ್ತಾರೆ ಅಂದ್ಕೊಂಡೆ."

"ನಾಳೆ ನನ್ನ ಮಕ್ಕಳು ಬರ್ತಾರೋ" ಎಂದರು ಮೇಷ್ಟ್ರು. "ಅವರ ಮುಂದೆ ನನ್ನನ್ನ ಕಳ್ಳ ಮಾಡ್ತಿದ್ಯಲ್ಲೋ. ನೀನೂ ನನ್ನ ಹತ್ರಾನೇ ಕಲಿತೋನು."

ಕರ್ಟಿಸ್ ತಣ್ಣನೆ ಕೋಣೆಯ ಬೀಗದ ಕೈ ತೆಗೆದು ನನ್ನ ಕೈಗಿಟ್ಟ.

* * *

ಸೋಮವಾರ ಬೆಳಿಗ್ಗೆ ವರದಿ ಕೊಟ್ಟೆ. ಹೆಸರು ಬೇರೆ ಇತ್ತು.

ಸಂಜೆ ಗ್ಯಾರೇಜಿಗೆ ಹೋದಾಗ ಮಕ್ಕಳು ಬೆಂಚಿನ ಸುತ್ತ ನಿಂತಿದ್ದರು. ಲೈಲ್ ಉದ್ದನೆ ಬೋಲ್ಟು ತಂದು ಬಿಗಿದಿದ್ದ. ಮೇಷ್ಟ್ರು ಹಿಡಿ ಮೇಲೆತ್ತಿದರು. ಎಲ್ಲೂ ತಾಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಲೂಸಿಲ್ ನನ್ನ ಕೈಗೆ ಪೈ ಇಟ್ಟಳು, ಟೇಟರ್‌ಗೆ ಮೂಳೆ ಕೊಟ್ಟಳು.

ಹೊರಟಾಗ ಮೇಷ್ಟ್ರು ಬಾಗಿಲ ತನಕ ಬಂದರು. ಥ್ಯಾಂಕ್ಸ್ ಹೇಳಬಹುದು ಎಂದುಕೊಂಡೆ. ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು.

"ಮಗಳೇ, ಕೋರ್ಟ್ ಕೆಲಸ ಎಲ್ಲಾ ಮುಗಿದ ಮೇಲೆ ಆ ತೋಟಾ ನನಗೆ ವಾಪಸ್ ಸಿಗುತ್ತೆ ತಾನೆ? ತಟ್ಟೇಲಿ ಒಂದು ಗುಳಿ ಖಾಲಿ ಇದೆ."