ಜ್ವರದುಂಬಿಯ ಮಣಿಸರ

ಮತ್ತೆ ಕಥೆಯ ಮಧ್ಯೆ ಬಾಯಿ ಹಾಕಿದಿರಾ, ಮಕ್ಕಳಾ? ಒಬ್ಬಳಿಗೆ ನೀರು, ಇನ್ನೊಬ್ಬನಿಗೆ ಉಚ್ಚೆ! ರಾಜ್ಯದ ಹೆಸರು ಹೇಳುವಷ್ಟರಲ್ಲಿ ನನ್ನನ್ನು ಎಷ್ಟು ಸಲ ಏಳಿಸುತ್ತೀರಿ? ಇನ್ನು ಯಾರೂ ತುಟಿ ಬಿಚ್ಚಕೂಡದು.

ಮೋಡಗಳು ಬಾವಿಗಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ ಹವಳಪುರವೆಂಬ ರಾಜ್ಯವಿತ್ತು. ಅಲ್ಲಿ ಸಿಂಗಾರಿ ಎಂಬ ಹುಡುಗಿ ಮಣಿ ಪೋಣಿಸಿ ಸರ ಮಾಡುತ್ತಿದ್ದಳು. ಅವಳಿಗೆ ತನ್ನವಳೆಂದು ಇದ್ದದ್ದು ತಂಗಿ ಕೆಂಚಿ ಒಬ್ಬಳೇ.

ಉರಿಗಣ್ಣನೆಂಬ ಮಾಂತ್ರಿಕ ಆ ರಾಜ್ಯಕ್ಕೆ ಜ್ವರದುಂಬಿಗಳನ್ನು ಬಿಟ್ಟ. ಸಾಸಿವೆಗಿಂತ ಚಿಕ್ಕ ದುಂಬಿ. ಅದರ ಹೊಟ್ಟೆಯಲ್ಲಿ ನಾಲ್ಕು ಬಣ್ಣದ ಮಣಿಗಳ ಒಂದು ಸರ. ಮಣಿಗಳ ಸಾಲು ಹೇಗೋ ದುಂಬಿಯ ಗುಣ ಹಾಗೆ. ಅದು ಮೈ ಹೊಕ್ಕರೆ ಸಾಕು, ಆ ಸರ ನೋಡಿಕೊಂಡು ಮನುಷ್ಯನ ಮೈಯ ಸರಕಿನಿಂದಲೇ ಅಂಥ ಸಾವಿರ ಸರ ಪೋಣಿಸುತ್ತಿತ್ತು. ಸಾವಿರ ದುಂಬಿ ಹುಟ್ಟುತ್ತಿದ್ದವು. ಜ್ವರ ಬಂದವರು ಉಳಿಯುತ್ತಿರಲಿಲ್ಲ.

"ಅಮಾವಾಸ್ಯೆಗೆ ಮಣಿಗಾರರ ಬೀದಿಯ ಸರದಿ!" ಎಂದು ಉರಿಗಣ್ಣ ಕೋಟೆಯ ಮೇಲಿಂದ ಕೂಗಿದ.

ಸಿಂಗಾರಿ ಎರಡು ದುಂಬಿ ಹಿಡಿದು ಸರಗಳನ್ನು ಹೋಲಿಸಿದಳು. ಒಂದು ಮಣಿ ಬೇರೆ! ಮಣಿಗಾರರು ಗಂಟು ಹಾಕುವ ಮೊದಲು ಸರವನ್ನು ಮಾದರಿಯ ಪಕ್ಕದಲ್ಲಿಟ್ಟು ಬೆರಳಾಡಿಸುತ್ತಾರೆ, ತಪ್ಪಿದ್ದರೆ ಬಿಚ್ಚುತ್ತಾರೆ. ಈ ದುಂಬಿಗಳು ತಾಳೆ ನೋಡುವುದೂ ಇಲ್ಲ, ಬಿಚ್ಚುವುದೂ ಇಲ್ಲ.

"ಗಡಿಬಿಡಿಯ ಮುಂಡೇದೇ, ಇನ್ನಷ್ಟು ತಪ್ಪು ಮಾಡು, ನಮ್ಮನ್ನು ಸುಡುವುದೇ ಮರೆತುಹೋಗಲಿ! ಜಾಗ ನಾನು ತೋರಿಸುತ್ತೇನೆ" ಎಂದು ಅವಳು ದುಂಬಿಯನ್ನು ಭರಣಿಗೆ ಹಾಕಿಕೊಂಡು ಮಾಯಾವನಕ್ಕೆ ಓಡಿದಳು.

ಮೊದಲು ಸಿಕ್ಕಿತು ಬೆಳ್ಳಿ ಬಾತುಕೋಳಿ.

"ಇದಕ್ಕೆ ನಿನ್ನ ಮೈಯಲ್ಲಿ ಜಾಗ ಕೊಡ್ತೀಯಾ?"

"ನಾನೇನು ಛತ್ರವೇನೇ? ಮೊದಲು ನನ್ನ ಕೊರಳಿಗೊಂದು ಸರ ಹಾಕು."

ಸರ ಹಾಕಿದಳು. ಬಾತಿನ ಮೈ ದುಂಬಿಗೆ ಒಗ್ಗಲಿಲ್ಲ. ಸಾವಿರ ಮರಿಗಳಲ್ಲಿ ಎಲ್ಲೋ ಮಣಿ ತಪ್ಪಿ, ಆ ತಪ್ಪೇ ಬಾತಿನ ಮೈಗೆ ಹೊಂದಿದ ಕೆಲವು ಮಾತ್ರ ಉಳಿದವು.

ಅವನ್ನು ಹಿಡಿದು ಬೆಂಕಿಕುದುರೆಯ ಬಳಿ ಹೋದಳು. "ನನ್ನ ಬೆನ್ನೇರಿ ಜ್ವಾಲೆ ದಾಟು" ಎಂದಿತು. ದಾಟಿದಳು. ಅಲ್ಲಿ ಇನ್ನಷ್ಟು ಮಣಿ ತಪ್ಪಿದವು.

ಕೊನೆಗೆ ಹಿಮದಾಮೆ. ಅದು ಏನನ್ನೂ ಬೇಡಲಿಲ್ಲ. "ಮನುಷ್ಯರಲ್ಲಿ ಮೊದಲು ಯಾರ ಮೈಗೆ ಬಿಡುತ್ತೀ?" ಎಂದು ಕೇಳಿತು.

ಸಿಂಗಾರಿ ಭರಣಿಯ ಮುಚ್ಚಳ ತೆರೆದಳು. "ನನ್ನ ಮೈಗೆ."

"ಹಾಗಾದರೆ ಬಿಡು."

ಆಮೆಯ ಮೈಯಿಂದ ಹೊರಬಂದ ದುಂಬಿ ಮನುಷ್ಯರನ್ನು ಸುಡುವ ವಿದ್ಯೆಯನ್ನೇ ಮರೆತಿತ್ತು. ಮರೆತಿತ್ತೆಂದು ನಂಬುವುದು ಹೇಗೆ? ಮನೆಗೆ ಬಂದು ಸಿಂಗಾರಿ ಅದನ್ನು ನುಂಗಿಯೇಬಿಟ್ಟಳು.

"ಅಕ್ಕಾ, ನೀನು ಸತ್ತರೆ ನಾನು ಯಾರ ಜಡೆ ಎಳೀಲಿ?" ಎಂದು ಕೆಂಚಿ ಅತ್ತಳು.

ಸಂಜೆ ಮೈ ಬೆಚ್ಚಗಾಯಿತು. ಬೆಳಿಗ್ಗೆ ಸಿಂಗಾರಿ ಎದ್ದು, "ಗಂಜಿಗೆ ಉಪ್ಪು ಹಾಕಿಲ್ಲವೇನೇ?" ಎಂದು ಬೈದಳು. ಬದುಕಿದ್ದಳು! ಆಮೇಲೆ ಕೆಂಚಿಗೆ ಕೊಟ್ಟಳು, ಇಡೀ ಬೀದಿಗೆ ಕೊಟ್ಟಳು. ಎಲ್ಲರಿಗೂ ಒಂದು ಸಂಜೆಯ ಬಿಸಿ, ಅಷ್ಟೇ.

ಅಮಾವಾಸ್ಯೆ ಬಂತು. ಉರಿಗಣ್ಣ ದುಂಬಿಗಳನ್ನು ಬಿಟ್ಟ. ಸುಡದ ಸಾಧು ದುಂಬಿಯನ್ನು ಕಂಡಿದ್ದ ಮಣಿಗಾರರ ಮೈಗಳು ಈಗ ಆ ಜಾತಿಯ ಗುರುತು ಕಲಿತಿದ್ದವು. ಒಳಗೆ ಬಂದ ದುಂಬಿಯನ್ನೆಲ್ಲ ಹಿಡಿದು ಹೊಸಕಿಹಾಕಿದವು. ಮಿಕ್ಕವು ಜಾಗ ಸಿಗದೆ ತಿರುಗಿ ಉರಿಗಣ್ಣನ ಮೈಯನ್ನೇ ಹೊಕ್ಕವು. ಅವನು ಧಗಧಗ ಉರಿದು ಹಿಡಿ ಬೂದಿಯಾದ. ಹವಳಪುರ ಡೋಲು ಬಡಿದು ಕುಣಿಯಿತು. ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಸುಖವಾಗಿದ್ದರು.

ಕುಣಿದು ಸುಸ್ತಾದ ಕೆಂಚಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟಳು.

"ಅಕ್ಕಾ, ನಮ್ಮ ಸಾಧು ದುಂಬಿಯೂ ತಾಳೆ ನೋಡದೇ ಪೋಣಿಸುತ್ತಲ್ಲ? ಬದಲಾದ ಮಣಿ ಮತ್ತೆ ಬದಲಾಗಿ ಮೊದಲಿನಂತೆಯೇ ಆಗಿಬಿಟ್ಟರೆ?"