ಮಣ್ಣಿಗೆ ಮಾತು ಕೊಟ್ಟ ಜೋಳ

"ಬಿತ್ತಿ ಉಳಿದ ಜೋಳ ಬಾಯಿಗಲ್ರಿ ಅಳಿಯಾರ, ಮಣ್ಣಿಗೆ ಮಾತು ಕೊಟ್ಟದ್ದೈತಿ," ಎಂದಳು ಮುದುಕವ್ವ. "ತಿನಿಸಿದ್ರ ಮಣ್ಣ ಬಂದು ತನ್ನ ಪಾಲು ಕೇಳತೈತಿ."

ಫಕ್ಕೀರಪ್ಪ ನಕ್ಕ. ಬೆಟಗೇರಿಯ ಗಿರಣಿ ಬಿಟ್ಟು ಮುಂಡರಗಿ ಸೀಮೆಯ ಈ ಕುರಿಗಾರರ ಮನೆಗೆ ಮನೆಯಳಿಯನಾಗಿ ಬಂದವನು. ನಾಲಿಗೆಯೂ ಗಿರಣಿಯ ಪಾಳಿ ಕೂಗುವ ಭೋಂಗಾದಷ್ಟೇ ಜೋರು.

"ಕರ್ನಾಟಕ ಒಂದಾತು, ರಾಜ್ಯನ ಹೊಸಾದಾತು. ನಿಮ್ಮ ಮಾಟ ಇನ್ನೂ ಹಳೇದ ಐತೆಲ್ಲ ಅತ್ತಿ!"

ಬೆಳೆಗೆ ತೆನೆ ಕಪ್ಪಾಗಿಸುವ ಕಾಡಿಗೆ ರೋಗ ತಗಲದಿರಲೆಂದು ಬೀಜವನ್ನು ತಾಮ್ರದ ನೀಲಿ ನಂಜಾದ ಮೈಲುತುತ್ತದ ನೀರಿನಲ್ಲಿ ಅದ್ದಿ, ಮಂತ್ರ ಹಾಕಿ ಬಿತ್ತುವುದು ಆ ಮನೆಯ ಪದ್ಧತಿ. ವರ್ಷವರ್ಷವೂ ಉಳಿದ ನೀಲಿಗಾಳನ್ನು ಮುದುಕವ್ವ ಹಿತ್ತಲಿನ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಸುರಿದು ನಿಂಬೆಹಣ್ಣಿಟ್ಟು ಕಲ್ಲು ಮುಚ್ಚಿದ್ದಳು.

ಫಕ್ಕೀರಪ್ಪ ಕಲ್ಲು ಸರಿಸಿದ. ಅತ್ತೆ ಇಲ್ಲದಾಗಲೆಲ್ಲ ಹಗೇವಿನ ಬಾಯಿಯ ಬಳಿಯೇ ಕಾಳು ಚೆಲ್ಲಿ, ಲೊಚಗುಟ್ಟಿ ಕುರಿಗಳನ್ನು ಕರೆದ. ಮನೆಗೆ ಅನ್ನ ಹಾಕುವ ಹಿಂಡು ಅದೊಂದೇ. ಅದು ಮಿರಮಿರ ಮಿಂಚಿತು.

"ನೋಡ ಮಾಳವ್ವ, ನಿಮ್ಮವ್ವನ ದೆವ್ವ ತಿಂದು ಹೆಂಗ ಮೈ ಬಂದೈತಿ!" ಎಂದು ಹೆಂಡತಿಯೆದುರು ಮೀಸೆ ತಿರುವಿದ.

ಒಂದು ಬೆಳಗ್ಗೆ ಟಗರು ಏಳಲಿಲ್ಲ. ಕಣ್ಣು ಅರಿಸಿನ. ಉಚ್ಚೆ ಎಲೆಯಡಿಕೆಯ ಕಾಚಿನ ನೀರಿನಂತೆ ಕೆಂಪುಗಪ್ಪು. ಹಣೆಯನ್ನು ನೆಲಕ್ಕೆ ಒತ್ತಿಕೊಂಡೇ ಸತ್ತಿತ್ತು, ನೆಲ ಏನೋ ಹೇಳುತ್ತಿದ್ದಂತೆ.

"ಏನ್ರೀ, ಅವ್ವನ ಕಾಳ ಖರೇನ ತಿನಿಸೀರೇನು?" ಎಂದಳು ಮಾಳವ್ವ.

"ಕಾಳಿಗೆ ಹುಳ ಬಿದ್ದಿರಬೇಕು. ಹಗೇವಿಗಿಳದು ನೋಡತೇನಿ, ತಡಿ."

"ಇಳೀಬ್ಯಾಡ್ರಿ! ಅವ್ವ ಬರ್ಲಿ!" ಮಾಳವ್ವ ಹೊಲಕ್ಕೆ ಹೋಗಿದ್ದ ತಾಯಿಯನ್ನು ಕರೆಯಲು ಓಡಿದಳು.

ಅವನು ಇಳಿದ. ತಂಪು. ಮುಗ್ಗುಲು. ಕಿಲುಬು ಹಿಡಿದ ತಾಮ್ರದ ಕೊಡ ನೆಕ್ಕಿದಂಥ ಕಮಟು ಗಂಟಲಿಗೆ ಹತ್ತಿತು. ಕಾಳು ಮೊಣಕಾಲು ಹಿಡಿದುಕೊಂಡಿತು.

ಮೇಲೆ ಗೊರಸಿನ ಸದ್ದು. ಹಗೇವಿನ ಬಾಯಿ ತೆರೆದರೆ ಮೇವು ಎಂದು ಕಲಿಸಿದವನು ಅವನೇ. ಹಿಂಡು ಬಂದಿತ್ತು. ಹಳದಿ ಕಣ್ಣುಗಳು ಸುತ್ತಲೂ ಬಾಗಿ ನೋಡಿದವು.

"ಹೋಯ್! ಸರೀರಲೇ!"

ಒಂದು ಕುರಿ ಹಗೇವಿನ ಬಾಯಿಯ ಮೇಲೆ ಕುಸಿಯಿತು. ಅದರ ಮೇಲೆ ಇನ್ನೊಂದು. ಮತ್ತೊಂದು. ಬೆಳಕು ಎಳೆಯಾಯಿತು. ಆರಿತು. ತಳ್ಳಿದ. ಅಲುಗಲಿಲ್ಲ. ಬೆಚ್ಚಗಿನ ಉಚ್ಚೆ ಹಣೆಗೆ ತೊಟ್ಟಿಕ್ಕಿತು. ಕಾಳು ಜಾರಿತು. ಸೊಂಟದವರೆಗೆ ಬಂತು.

ಕತ್ತಲಲ್ಲಿ, ತೀರ ಹತ್ತಿರ, ಯಾರೋ ಜೋಳ ನುರಿಸುತ್ತಿದ್ದರು. ಕಟ. ಕಟ. ಕಟ.

ಸತ್ತ ಕುರಿಗಳಾಚೆಯಿಂದ ಮುದುಕವ್ವನ ಕೂಗು ಸಣ್ಣಗೆ ಕೇಳಿತು: "ಅಳಿಯಾರ! ಎಳದ ತಗೀತೇವಿ! ಬಾಯಿ ಬಿಗಿ ಹಿಡೀರಿ! ಒಂದ ಕಾಳೂ ಒಳಗ ಹೋಗಬಾರದು!"

ಹೂಂ ಎನ್ನಲು ಹೋದ. ಆಗಲಿಲ್ಲ. ಬಾಯಿ ತುಂಬಿತ್ತು. ನುರಿಸುತ್ತಿದ್ದುದು ಅವನದೇ ಹಲ್ಲು.

ಹಣೆ ತಾನಾಗಿಯೇ ಮಣ್ಣಿನ ಗೋಡೆಗೆ ಒತ್ತಿಕೊಂಡಿತು.